‘ಸಂಘಟನೆ ಗಿಂಘಟನೆ ಬ್ಯಾಡ’ ಅನ್ನುವ ಮೊದಲು

ಕಾಲೇಜುಗಳು ಶುರುವಾದ ಹೊಸದರಲ್ಲಿ ಪ್ರತಿ ವರ್ಷ ನಮಗೆ ಒಂದೇ ಬಗೆಯ ಫೋನ್ ಬರುತ್ತದೆ. ‘ಸರ್, ನಾಳೆ ಮುಂಜಾನೆ ಬಸ್ ತಡೀತೀವ್ರಿ. ನೀವು ಬರ್ರಿ. ಫೋಟೊ ಹಾಕ್ರಿ.’

ಹೋಗುತ್ತೇವೆ. ಕ್ರಾಸಿನಲ್ಲಿ ಐವತ್ತು ಅರವತ್ತು ಹುಡುಗ ಹುಡುಗಿಯರು ರಸ್ತೆಗೆ ಅಡ್ಡ ಕೂತಿರುತ್ತಾರೆ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಬುತ್ತಿ. ಎರಡೂ ಕಡೆ ಟ್ರ್ಯಾಕ್ಟರು, ಲಾರಿ ಸಾಲುಗಟ್ಟಿರುತ್ತವೆ. ಒಂದು ತಾಸಿಗೆ ಡಿಪೊದವರು ಬರುತ್ತಾರೆ, ‘ನಾಳಿಯಿಂದಲೇ ಬಸ್ ಬಿಡ್ತೀವಿ’ ಅನ್ನುತ್ತಾರೆ. ಮಕ್ಕಳು ಚಪ್ಪಾಳೆ ಹೊಡೆದು ಎದ್ದು ಹೋಗುತ್ತಾರೆ. ಮರುದಿನ ಒಳಪುಟದಲ್ಲಿ ನಮ್ಮ ಫೋಟೊ, ಕೆಳಗೆ ಎರಡು ಸಾಲು. ಬಸ್ಸು ನಾಲ್ಕು ದಿನ ಬರುತ್ತದೆ. ಐದನೇ ದಿನ ಬರುವುದಿಲ್ಲ. ಮುಂದಿನ ವರ್ಷ ಮತ್ತೆ ಅದೇ ಕ್ರಾಸು, ಅದೇ ಫೋಟೊ. ಮುಖಗಳು ಮಾತ್ರ ಬೇರೆ.

ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಜಿಲ್ಲೆಯಲ್ಲಿ ಸ್ಟ್ರಿಂಗರ್ ಆಗಿ ಓಡಾಡುತ್ತಿರುವ ನಾವು ಇಂಥ ಫೋಟೊಗಳನ್ನು ಎಷ್ಟು ಕಳಿಸಿದ್ದೇವೋ ಲೆಕ್ಕವಿಟ್ಟಿಲ್ಲ. ಆದರೆ ಒಂದು ಸಲ ಮಾತ್ರ ಫೋಟೊ ಕಳಿಸಲಿಲ್ಲ, ಸುದ್ದಿಯನ್ನೂ ಬರೆಯಲಿಲ್ಲ. ಅದರ ಬಗ್ಗೆ ಹೇಳಲಿಕ್ಕೇ ಈ ಬರಹ.

ಕಾಲುವೆಯ ಕೊನೆ ಭಾಗದ ನಾಲ್ಕು ಊರುಗಳು. ಕಾಲೇಜು ಇರುವ ತಾಲ್ಲೂಕು ಕೇಂದ್ರ ಅಲ್ಲಿಂದ ಇಪ್ಪತ್ತೆರಡು ಕಿಲೋಮೀಟರ್. ಮೊದಲ ಪಿರಿಯಡ್ ಒಂಬತ್ತೂವರೆಗೆ. ಬಸ್ಸು ಬರುವುದು ಹತ್ತರ ಮೇಲೆ, ಅದೂ ತುಂಬಿ ಬಂದರೆ ನಿಲ್ಲುವುದಿಲ್ಲ. ಆ ಊರುಗಳ ಒಬ್ಬ ಹುಡುಗಿ, ಬಿ.ಎ. ಎರಡನೇ ವರ್ಷದವಳು, ಒಂದು ದಿನ ನಮ್ಮನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೂರು ಪುಟದ ನೋಟುಬುಕ್ಕೊಂದನ್ನು ತೋರಿಸಿದಳು. ಸ್ಕೇಲಿಟ್ಟು ಗೆರೆ ಎಳೆದಿದ್ದಳು. ತಾರೀಖು, ಬಸ್ಸು ಬಂದ ಹೊತ್ತು, ನಿಂತಿತೋ ಇಲ್ಲವೋ, ಹತ್ತಿದವರು ಎಷ್ಟು, ಉಳಿದವರು ಎಷ್ಟು. ನಲವತ್ತು ದಿನದ ಲೆಕ್ಕ. ಕೊನೆಯ ಪುಟಗಳಲ್ಲಿ ನಾಲ್ಕು ಊರುಗಳ ವಿದ್ಯಾರ್ಥಿಗಳ ಸಹಿ, ಪಕ್ಕದಲ್ಲಿ ತಂದೆಯದೋ ತಾಯಿಯದೋ ಸಹಿ, ಇಲ್ಲವೇ ಹೆಬ್ಬೆಟ್ಟು.

‘ಇದನ್ನ ಪೇಪರ್‌ನಾಗ ಹಾಕ್ತೀರೇನ್ರಿ ಸರ್?’

‘ಬಸ್ ತಡೀರಿ ತಂಗಿ, ಆವಾಗ ಹಾಕ್ತೀವಿ’ ಅಂದೆವು. ಬರೆಯಲಿಕ್ಕೆ ನಾಚಿಕೆಯಾಗುತ್ತದೆ, ಆದರೆ ಅಂದದ್ದು ನಿಜ. ನೋಟುಬುಕ್ಕು ಸುದ್ದಿಯಲ್ಲ, ರಸ್ತೆ ತಡೆ ಸುದ್ದಿ ಅಂತ ಡೆಸ್ಕ್ ನಮಗೆ ಕಲಿಸಿತ್ತು. ನಾವು ಆ ಹುಡುಗಿಗೂ ಅದನ್ನೇ ಕಲಿಸಲು ಹೋದೆವು.

ಅವಳು ಬಸ್ ತಡೆಯಲಿಲ್ಲ. ಆರು ಮಂದಿ ಸೇರಿ ಆ ಪುಟಗಳ ಜೆರಾಕ್ಸ್ ಮಾಡಿಸಿ, ಮೇಲೊಂದು ಮನವಿ ಬರೆದು, ಡಿಪೊದಲ್ಲಿ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಂಡರು. ಹದಿನೈದು ದಿನ ಕಾದರು. ಉತ್ತರ ಬರಲಿಲ್ಲ. ಆ ಸೀಲಿದ್ದ ಪ್ರತಿಯನ್ನು ಹಿಡಿದು ತಾಲ್ಲೂಕಿನಲ್ಲಿ ಅಧಿಕಾರಿಗಳು ಅಹವಾಲು ಕೇಳುವ ಸಭೆಗೆ ಹೋದರು. ‘ಬಸ್ ಸರಿಯಾಗೇ ಬರ್ತದ’ ಅಂತ ಹೇಳಲು ಬಂದಿದ್ದವರ ಮುಂದೆ ನಲವತ್ತು ದಿನದ ಹೊತ್ತು ಬರೆದ ಹಾಳೆ ಇತ್ತು. ಮಾತು ಮುಂದುವರಿಯಲಿಲ್ಲ. ಎರಡು ವಾರಕ್ಕೆ ಎಂಟೂಮುಕ್ಕಾಲಿನ ಬಸ್ಸು ಶುರುವಾಯಿತು. ಈಗಲೂ ಬರುತ್ತಿದೆ.

ಇದೆಲ್ಲ ಎಲ್ಲಿ ಕಲಿತೆ ಅಂತ ಆಮೇಲೆ ಕೇಳಿದೆವು. ಸ್ವೀಕೃತಿ ಸೀಲು ಹಾಕಿಸಿಕೊಳ್ಳಬೇಕು ಅನ್ನುವುದನ್ನು ಹಾಸ್ಟೆಲಿನ ಒಬ್ಬ ಅಕ್ಕ ಹೇಳಿಕೊಟ್ಟಿದ್ದಳಂತೆ. ಅವಳು ಒಂದು ವಿದ್ಯಾರ್ಥಿ ಸಂಘಟನೆಯಲ್ಲಿದ್ದವಳು. ಮನೆಮನೆಗೆ ಹೋಗಿ ಲೆಕ್ಕ ಬರೆದುಕೊಳ್ಳುವುದನ್ನು ಎನ್ನೆಸ್ಸೆಸ್ ಶಿಬಿರದಲ್ಲಿ ಕಲಿತಿದ್ದಳಂತೆ. ‘ಮನವಿ ಮಾತ್ರ ಮೂರು ಸಲ ಬರದೀನ್ರಿ ಸರ್. ಮೊದಲನೇ ಸಲ ‘ನನಗೆ ತೊಂದರೆ’ ಅಂತ ಬರದಿದ್ದೆ. ಅಕ್ಕ ಹೊಡೆದು ಹಾಕಿ ‘ನಮಗೆ’ ಅಂತ ಬರಿ ಅಂದ್ಲು.’

ನಮ್ಮ ಅಭಿಪ್ರಾಯ ಇಷ್ಟೇ. ಹಳ್ಳಿಯಿಂದ ಕಾಲೇಜಿಗೆ ಬರುವ ಹುಡುಗ ಹುಡುಗಿಗೆ ಆ ‘ನನಗೆ’ಯನ್ನು ಹೊಡೆದು ‘ನಮಗೆ’ ಅಂತ ಬರೆಯಲು ಕಲಿಸುವ ಜಾಗ ಒಂದೇ, ಅದು ಸಂಘಟನೆ. ಯಾವ ಸಿಲಬಸ್ಸಿನಲ್ಲೂ ಅದು ಇಲ್ಲ. ಅದನ್ನು ಕಲಿಯದೆ ಹೊರಬಿದ್ದವನ ಡಿಗ್ರಿ ಅರ್ಧವೇ.

*

ಇದನ್ನು ಓದುವ ತಂದೆತಾಯಿಗಳಿಗೆ ಸಿಟ್ಟು ಬರಬಹುದು. ನಮ್ಮ ಮನೆಯಲ್ಲೂ ಅದೇ ಮಾತಿತ್ತು. ಕಾಲೇಜಿಗೆ ಹೊರಟ ದಿನ ಅಪ್ಪ ಹೇಳಿದ್ದು ಎರಡೇ ವಾಕ್ಯ: ‘ಓದೂದು ನೋಡ್ಕೋ. ಸಂಘಟನೆ ಗಿಂಘಟನೆ ಅಂತ ತಿರುಗಬ್ಯಾಡ.’ ಎರಡು ಎಕರೆ ಒಣಬೇಸಾಯದವನು ಸಾಲ ಮಾಡಿ ಮಗನನ್ನು ಓದಿಸುವಾಗ ಹೀಗೆ ಹೇಳದೆ ಇನ್ನು ಹೇಗೆ ಹೇಳಿಯಾನು?

ಆ ಭಯ ಸುಳ್ಳಲ್ಲ. ನಮ್ಮ ಜೊತೆಗೆ ಓದಿದವನೊಬ್ಬನಿದ್ದ. ಮಾತುಗಾರ, ಧ್ವನಿ ದೊಡ್ಡದು. ಯಾವ ಮೆರವಣಿಗೆಯಾದರೂ ಘೋಷಣೆ ಕೂಗಲು ಅವನೇ ಬೇಕು. ಒಂದು ರಸ್ತೆ ತಡೆಯಲ್ಲಿ ಕಲ್ಲು ಬಿತ್ತು. ಬೀಸಿದ್ದು ಅವನಲ್ಲ. ಆದರೆ ಎಫ್‌ಐಆರ್‌ನಲ್ಲಿ ಹೆಸರು ಬರೆಯುವಾಗ ಪೊಲೀಸರಿಗೆ ಗೊತ್ತಿದ್ದ ಹೆಸರು ಅವನದೇ. ಆಗಿನ ಐಪಿಸಿಯ 143, 341, ಜೊತೆಗೆ ಇನ್ನೆರಡು ಸೆಕ್ಷನ್. ಮೊದಲ ಒಂದೆರಡು ತಾರೀಖಿಗೆ ಮುಖಂಡರು ಕೋರ್ಟಿಗೆ ಬಂದರು, ಆಮೇಲೆ ಬರಲಿಲ್ಲ. ಕಾನ್ಸ್‌ಟೇಬಲ್ ಪರೀಕ್ಷೆ ಬರೆದ, ಪಾಸಾದ, ಪರಿಶೀಲನೆಯ ಹಂತದಲ್ಲಿ ಕೇಸು ಅಡ್ಡ ಬಂತು. ಐದು ವರ್ಷಕ್ಕೆ ಖುಲಾಸೆಯಾದ, ಅಷ್ಟರಲ್ಲಿ ವಯೋಮಿತಿ ದಾಟಿತ್ತು. ಈಗ ಊರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವನನ್ನು ಮೆರವಣಿಗೆಗೆ ಕರೆದವರು ಈಗ ಯಾವ ಪಕ್ಷದಲ್ಲಿದ್ದಾರೆ ಅಂತ ಬರೆದು ಪ್ರಯೋಜನವಿಲ್ಲ, ಅವರು ಎರಡು ಪಕ್ಷ ಬದಲಿಸಿ ಆಗಿದೆ.

ಅವನೂ ಸಂಘಟನೆಯಲ್ಲಿದ್ದ, ನೋಟುಬುಕ್ಕಿನ ಹುಡುಗಿಯೂ ಸಂಘಟನೆಯಲ್ಲಿದ್ದಳು. ಹಾಗಾಗಿ ‘ಸೇರಬೇಕೋ ಬೇಡವೋ’ ಅನ್ನುವ ಪ್ರಶ್ನೆ ಸಾಲದು. ಸೇರಿದವನಿಗೆ ಅಲ್ಲಿ ಕೆಲಸ ಕಲಿಸುತ್ತಾರೋ ಅಥವಾ ಅವನ ಧ್ವನಿಯನ್ನು ಬಾಡಿಗೆಗೆ ತೆಗೆದುಕೊಳ್ಳುತ್ತಾರೋ ಅನ್ನುವುದನ್ನೂ ಕೇಳಬೇಕು.

ಈ ಎರಡೂ ಬಗೆ ನಮ್ಮ ನಾಡಿನಲ್ಲಿ ಹೊಸದಲ್ಲ. 1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂಬ ಮಾತಾಡಿದಾಗ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕೊನೆಗೆ ಬಸವಲಿಂಗಪ್ಪನವರು ರಾಜೀನಾಮೆ ಕೊಟ್ಟರು. ಗುಂಪಾಗಿ ಸೇರಿದ ವಿದ್ಯಾರ್ಥಿಗಳು ಏನು ಮಾಡಬಲ್ಲರು ಎನ್ನುವುದಕ್ಕೆ ಅದೊಂದು ಉದಾಹರಣೆ. ಆದರೆ ಏಟು ತಿಂದ ಕಡೆಯಲ್ಲೂ ವಿದ್ಯಾರ್ಥಿಗಳೇ ಇದ್ದರು. ಆ ದಿನಗಳ ನಂತರ ದಲಿತ ಯುವಕರು ಒಟ್ಟಾಗಿ ಕೂತು ಮಾತಾಡಲು ಶುರು ಮಾಡಿದರು. ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪ, ಯುವ ಬರಹಗಾರರಾಗಿದ್ದ ಸಿದ್ಧಲಿಂಗಯ್ಯ, ದೇವನೂರ ಮಹಾದೇವ ಮುಂತಾದವರು ಸೇರಿ ಕಟ್ಟಿದ ದಲಿತ ಸಂಘರ್ಷ ಸಮಿತಿ ಆ ದಶಕದಲ್ಲೇ ರೂಪುಗೊಂಡಿತು. ಹಳ್ಳಿಯಲ್ಲಿ ಒಬ್ಬನೇ ನಿಂತು ಮಾತಾಡಲಾಗದವರು ಸಭೆ, ಕರಪತ್ರ, ಜಾಥಾ, ಹಾಡಿನ ಮೂಲಕ ಮಾತಾಡತೊಡಗಿದರು. ಒಂದೇ ಗಲಾಟೆಯ ಒಂದು ಮಗ್ಗುಲಲ್ಲಿ ಗುಂಪು, ಇನ್ನೊಂದು ಮಗ್ಗುಲಲ್ಲಿ ಸಂಘಟನೆ. ಗುಂಪು ಕರಗಿತು. ಸಂಘಟನೆ ಒಂದು ತಲೆಮಾರಿನ ಬದುಕನ್ನು ಬದಲಿಸಿತು.

*

ನಮ್ಮ ಮಕ್ಕಳಿಗೆ ಈ ವ್ಯತ್ಯಾಸ ಕಲಿಯುವ ಅವಕಾಶ ಕಾಲೇಜಿನೊಳಗೇ ಇರಬೇಕಿತ್ತು. ಇಲ್ಲ. 1989-90ರ ಆಸುಪಾಸಿನಲ್ಲಿ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಹೊಡೆದಾಟ, ರಾಜಕೀಯ ಪಕ್ಷಗಳ ಕೈವಾಡ, ಜಾತಿ ಜಗಳ ಎಂಬ ಕಾರಣಗಳಿದ್ದವು. ಅವು ಸುಳ್ಳು ಕಾರಣಗಳೂ ಅಲ್ಲ. ಆದರೆ ಒಂದು ವಿಚಿತ್ರ ನೋಡಿ. ಸಂವಿಧಾನದ 61ನೇ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದೂ 1989ರಲ್ಲೇ. ‘ನೀನು ಪ್ರಧಾನಿಯನ್ನು ಆರಿಸುವಷ್ಟು ದೊಡ್ಡವನಾದೆ’ ಅಂತ ದೇಶ ಹೇಳಿದ ಹೊತ್ತಿನಲ್ಲೇ ‘ನಿನ್ನ ಕಾಲೇಜಿನ ಕಾರ್ಯದರ್ಶಿಯನ್ನು ಆರಿಸುವಷ್ಟು ದೊಡ್ಡವನಲ್ಲ’ ಅಂತ ರಾಜ್ಯ ಹೇಳಿತು. ಇವತ್ತಿಗೂ ಅದೇ ಸ್ಥಿತಿ. 21 ತುಂಬಿದ ಬಿ.ಎ. ವಿದ್ಯಾರ್ಥಿನಿ ತನ್ನ ಊರಿನ ಗ್ರಾಮ ಪಂಚಾಯಿತಿಗೆ ನಿಂತು ಗೆದ್ದು ಬರಬಹುದು. ಕಾಲೇಜಿನ ಸಂಘಕ್ಕೆ ಮಾತ್ರ ಪ್ರಾಂಶುಪಾಲರು ಹೆಸರು ಬರೆದರೇ ಉಂಟು.

ನಾವು ಡಿಗ್ರಿ ಓದುವಾಗ ಯೂನಿಯನ್ ಅಂತ ಒಂದು ಇತ್ತು. ಹಿಂದಿನ ವರ್ಷ ಹೆಚ್ಚು ಅಂಕ ಪಡೆದವನನ್ನು ಕಾರ್ಯದರ್ಶಿ ಅಂತ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದರು. ನಮ್ಮ ವರ್ಷದ ಕಾರ್ಯದರ್ಶಿಗೆ ತಾನು ಕಾರ್ಯದರ್ಶಿ ಎಂಬುದು ಮೂರು ದಿನ ಗೊತ್ತೇ ಇರಲಿಲ್ಲ. ವರ್ಷವಿಡೀ ಅವನು ಮಾಡಿದ್ದು ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆ ಒಂದೇ. ಅದನ್ನೂ ಕನ್ನಡ ಮೇಷ್ಟ್ರು ಬರೆದುಕೊಟ್ಟಿದ್ದರು. ಶೌಚಾಲಯಕ್ಕೆ ನೀರಿಲ್ಲ ಅಂತ ಹೇಳಲು ಹುಡುಗಿಯರು ಅವನ ಹತ್ತಿರ ಹೋಗಲಿಲ್ಲ. ಹೋಗಬಹುದು ಅಂತ ಅವರಿಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ. ಫೀ ರಸೀದಿಯಲ್ಲಿ ಮಾತ್ರ ‘ಯೂನಿಯನ್ ಶುಲ್ಕ’ ಅಂತ ಒಂದು ಸಾಲು ತಪ್ಪದೆ ಇರುತ್ತಿತ್ತು. ಆ ದುಡ್ಡು ಮೈಕ್‌ಸೆಟ್ಟಿಗೋ ಶಾಲುಗಳಿಗೋ ಹೋಗುತ್ತಿತ್ತೆಂದು ನಮ್ಮ ಊಹೆ. ಲೆಕ್ಕ ಕೇಳಿದವರು ಯಾರೂ ಇರಲಿಲ್ಲ. ಈ ಬರಹ ಓದುತ್ತಿರುವ ವಿದ್ಯಾರ್ಥಿಗಳು ತಮ್ಮ ರಸೀದಿಯನ್ನು ಒಮ್ಮೆ ತೆಗೆದು ನೋಡಲಿ.

ಪ್ರತಿನಿಧಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2023ರ ನವೆಂಬರ್‌ನಲ್ಲಿ ನೋಡಿದೆವು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾ ಕಾಯಮಾತಿಗಾಗಿ ತರಗತಿ ಬಹಿಷ್ಕರಿಸಿದರು. ಅವರ ಬೇಡಿಕೆ ನ್ಯಾಯವಾದದ್ದು, ಅದರ ಪರವಾಗಿ ನಾವೂ ಬರೆದಿದ್ದೇವೆ. ಹಳ್ಳಿಗಾಡಿನ ಎಷ್ಟೋ ಕಾಲೇಜುಗಳು ನಡೆಯುವುದೇ ಅವರಿಂದ. ಹಾಗಾಗಿ ವಾರಗಟ್ಟಲೆ ಪಾಠವಿಲ್ಲ. ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಉಪನ್ಯಾಸಕರ ಸಂಘ, ಮಾತುಕತೆ ನಡೆಯುತ್ತಿತ್ತು. ಪಾಠ ಕಳೆದುಕೊಂಡ ಮಕ್ಕಳ ಪರವಾಗಿ ಆ ಮಾತುಕತೆಗೆ ಕೂರಲು, ಮಕ್ಕಳೇ ಆರಿಸಿ ಕಳಿಸಿದ ಒಬ್ಬ ಪ್ರತಿನಿಧಿ ಇರಲಿಲ್ಲ. ಕೆಲವು ಸಂಘಟನೆಗಳು ಮನವಿ ಕೊಟ್ಟವು ನಿಜ. ಆದರೆ ‘ನೀವು ಯಾರ ಪರವಾಗಿ ಬಂದಿರಿ?’ ಅಂತ ಯಾರಾದರೂ ಕೇಳಿದ್ದರೆ ತೋರಿಸಲು ಅವರ ಕೈಯಲ್ಲಿ ಮತದ ಲೆಕ್ಕ ಇರಲಿಲ್ಲ.

ಚುನಾವಣೆ ಮತ್ತೆ ನಡೆಸಬೇಕೇ ಎಂಬ ಚರ್ಚೆ ಆಗಾಗ ಏಳುತ್ತದೆ, ಆಗಾಗ ಮಲಗುತ್ತದೆ. ಗಲಾಟೆಯಾಗುತ್ತದೆ ಎನ್ನುವವರಿಗೆ ನಿಯಮಗಳು ಆಗಲೇ ಇವೆ ಅಂತ ನೆನಪಿಸಬೇಕು. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಸಮಿತಿಯ ಶಿಫಾರಸುಗಳನ್ನು ಜಾರಿ ಮಾಡಲು ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಅವುಗಳ ಪ್ರಕಾರ ಒಬ್ಬ ಅಭ್ಯರ್ಥಿ 5,000 ರೂಪಾಯಿ ಮೀರಿ ಖರ್ಚು ಮಾಡುವಂತಿಲ್ಲ. ಅಚ್ಚು ಹಾಕಿಸಿದ ಪೋಸ್ಟರ್ ಇಲ್ಲ, ಕೈಬರಹದ್ದು ಮಾತ್ರ. ಹಾಜರಾತಿ ಕನಿಷ್ಠ ಶೇ 75 ಇರಬೇಕು, ಆ ವರ್ಷ ಯಾವ ವಿಷಯವೂ ಬಾಕಿ ಇರಬಾರದು. ಪದಾಧಿಕಾರಿಯ ಸ್ಥಾನಕ್ಕೆ ಒಬ್ಬನಿಗೆ ಒಂದೇ ಅವಕಾಶ. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲವೂ 10 ದಿನದೊಳಗೆ ಮುಗಿಯಬೇಕು. ಫಲಿತಾಂಶದ ನಂತರ ಎರಡು ವಾರದಲ್ಲಿ ಖರ್ಚಿನ ಲೆಕ್ಕ ಕೊಡಬೇಕು. ಚುನಾವಣೆ ನಡೆಸುವ ವಾತಾವರಣವಿಲ್ಲದ ಕಡೆ ನಾಮನಿರ್ದೇಶನ ಮಾಡಬಹುದು, ಆದರೆ ಅದು ತಾತ್ಕಾಲಿಕ, ಬರೀ ಅಂಕ ನೋಡಿ ಮಾಡುವುದು ಸರಿಯಲ್ಲ ಅಂತಲೂ ಆ ಸಮಿತಿ ಹೇಳಿದೆ. ನಮ್ಮಲ್ಲಿ ನಡೆಯುತ್ತಿರುವುದು ಸರಿಯಲ್ಲ ಅಂದದ್ದೇ. ಆ ತಾತ್ಕಾಲಿಕಕ್ಕೆ ಮೂವತ್ತು ವರ್ಷ ದಾಟಿದೆ.

ಇಷ್ಟು ಕಟ್ಟುನಿಟ್ಟಿನ ಚುನಾವಣೆ ನಮ್ಮ ಯಾವ ಗ್ರಾಮ ಪಂಚಾಯಿತಿಯಲ್ಲಿ ನಡೆಯುತ್ತದೆ ಹೇಳಿ? ಮಕ್ಕಳು ಇದನ್ನು ಕಾಲೇಜಿನಲ್ಲೇ ಅಭ್ಯಾಸ ಮಾಡಿಕೊಂಡರೆ ಊರಿಗೆ ಹೋದಾಗ ಸೀರೆ ಹಂಚುವವನನ್ನು ಬೇರೆ ಕಣ್ಣಿನಿಂದ ನೋಡಿಯಾರು.

*

ಆದರೆ ಚುನಾವಣೆ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಕಾಲೇಜಿನೊಳಗೆ ಬಾಗಿಲುಗಳಿವೆ, ತಟ್ಟುವವರು ಕಡಿಮೆ.

ಎನ್ನೆಸ್ಸೆಸ್‌ನಿಂದಲೇ ಶುರು ಮಾಡೋಣ. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ಇದು. ಎರಡು ವರ್ಷದಲ್ಲಿ 240 ತಾಸು ಸೇವೆ, ಜೊತೆಗೆ ಹಳ್ಳಿಯಲ್ಲಿ ಏಳು ದಿನದ ಶಿಬಿರ. ಬಹಳ ಕಡೆ ಇದು ಪ್ರಮಾಣಪತ್ರದ ವ್ಯವಹಾರವಾಗಿದೆ. ಕಸಪೊರಕೆ ಹಿಡಿದು ಒಂದು ಫೋಟೊ, ಮುಗಿಯಿತು. ಆ ಫೋಟೊವನ್ನೂ ನಾವೇ ಹಾಕುತ್ತೇವೆ. ಆದರೆ ಒಬ್ಬ ಒಳ್ಳೆಯ ಕಾರ್ಯಕ್ರಮಾಧಿಕಾರಿ ಸಿಕ್ಕರೆ ಏಳು ದಿನದಲ್ಲಿ ಕಲಿಯುವುದು ಏಳು ಸೆಮಿಸ್ಟರಿಗೆ ಸಮ. ಐವತ್ತು ಮಂದಿಗೆ ಅಡುಗೆ ಸಾಮಾನು ಎಷ್ಟು ಬೇಕು, ಬೇರೆ ಜಾತಿಯವನ ಪಕ್ಕ ಕೂತು ಉಣ್ಣುವುದು ಹೇಗೆ, ಸರ್ವೆಗೆ ಹೋದಾಗ ಅಜ್ಜಿಯೊಬ್ಬಳನ್ನು ಹೇಗೆ ಮಾತಾಡಿಸುವುದು, ರಾತ್ರಿ ಸಭೆಯಲ್ಲಿ ಜಗಳವಾದರೆ ಯಾರು ಮೊದಲು ಸುಮ್ಮನಾಗಬೇಕು. ವರದಿಗಾರರಾದ ಮೇಲೆ ನಮಗೆ ಬಳಕೆಗೆ ಬಂದದ್ದು ಇದೇ, ಸಂವಹನ ಸಿದ್ಧಾಂತದ ನೋಟ್ಸಲ್ಲ.

ಇನ್ನು ಸಮಿತಿಗಳು. ಯುಜಿಸಿಯ 2015ರ ನಿಯಮದಂತೆ ಪ್ರತಿ ಕಾಲೇಜಿನಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಅದರಲ್ಲಿ ವಿದ್ಯಾರ್ಥಿ ಸದಸ್ಯರೂ ಇರಬೇಕು, ಅವರು ಪಾರದರ್ಶಕವಾಗಿ, ಪ್ರಜಾಸತ್ತಾತ್ಮಕವಾಗಿ ಆಯ್ಕೆಯಾದವರಾಗಿರಬೇಕು. ರ‍್ಯಾಗಿಂಗ್ ತಡೆ ಸಮಿತಿಯಲ್ಲಿ ಹೊಸಬರ ಪ್ರತಿನಿಧಿಗಳೂ ಹಿರಿಯ ವಿದ್ಯಾರ್ಥಿಗಳ ಪ್ರತಿನಿಧಿಗಳೂ ಇರಬೇಕು ಅಂತ 2009ರ ನಿಯಮ ಹೇಳುತ್ತದೆ. ನ್ಯಾಕ್‌ಗಾಗಿ ಮಾಡುವ ಗುಣಮಟ್ಟ ಖಾತರಿ ಕೋಶದಲ್ಲೂ ವಿದ್ಯಾರ್ಥಿಗೆ ಜಾಗವಿದೆ. ನಾವು ಸುತ್ತುವ ಕಾಲೇಜುಗಳಲ್ಲಿ ಈ ಸಮಿತಿಗಳ ಹೆಸರು ಗೋಡೆ ಮೇಲೆ ಚೆಂದವಾಗಿ ಬರೆದಿರುತ್ತದೆ. ಸದಸ್ಯೆ ಯಾರಮ್ಮ ಅಂತ ಕೇಳಿದರೆ ‘ಗೊತ್ತಿಲ್ರಿ’ ಅನ್ನುತ್ತಾರೆ. ಒಮ್ಮೆ ಹೀಗೆ ಕೇಳಿದ ಹುಡುಗಿಯೇ ಆ ಸದಸ್ಯೆಯಾಗಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ.

ಮಾಹಿತಿ ಹಕ್ಕಿನ ಅರ್ಜಿಯೂ ಒಂದು ಬಾಗಿಲು. ಹತ್ತು ರೂಪಾಯಿ ಶುಲ್ಕ, ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಉತ್ತರಕ್ಕೆ 30 ದಿನ. ಹಾಸ್ಟೆಲ್ ಹುಡುಗರು ಊಟ ಸರಿಯಿಲ್ಲ ಅಂತ ತಟ್ಟೆ ಹಿಡಿದು ರಸ್ತೆಗೆ ಬರುವುದನ್ನು ವರ್ಷಕ್ಕೆರಡು ಸಲ ನೋಡುತ್ತೇವೆ. ವಾರದ ಯಾವ ದಿನ ಏನು ಕೊಡಬೇಕು, ತಲಾ ಎಷ್ಟು ಗ್ರಾಂ ಎನ್ನುವ ಪಟ್ಟಿಯನ್ನು ಮೊದಲೇ ಅರ್ಜಿ ಹಾಕಿ ತರಿಸಿಕೊಂಡು, ಅಡುಗೆ ಮನೆಯ ಬಾಗಿಲಿಗೆ ಅಂಟಿಸಿದ ಒಂದು ಹಾಸ್ಟೆಲ್ಲನ್ನೂ ನೋಡಿದ್ದೇವೆ. ಅಲ್ಲಿ ತಟ್ಟೆ ಹಿಡಿದು ಹೊರಗೆ ಬರುವ ಪ್ರಸಂಗ ಆಮೇಲೆ ಬರಲಿಲ್ಲ.

*

ಹೊರಗಿನ ವಿದ್ಯಾರ್ಥಿ ಸಂಘಟನೆಗಳ ಮಾತೇನು? ಎಡ, ಬಲ, ನಡು, ಜಾತಿಯದ್ದು, ಭಾಷೆಯದ್ದು ಎಲ್ಲವೂ ಇವೆ. ಯಾವುದಕ್ಕೆ ಸೇರಬೇಕು ಅಂತ ನಾವು ಹೇಳುವುದಿಲ್ಲ. ಅದು ನಿಮ್ಮ ಓದು, ನಿಮ್ಮ ಬದುಕು ಹೇಳಬೇಕಾದ್ದು. ಆದರೆ ಸೇರುವ ಮೊದಲು ಮೂರು ಪ್ರಶ್ನೆ ಕೇಳಿ.

ಒಂದು, ಬ್ಯಾನರಿನ ದುಡ್ಡು ಯಾರದು? ಸದಸ್ಯರ ಹತ್ತು ಹತ್ತು ರೂಪಾಯಿಯಿಂದ ಬಂದಿದ್ದರೆ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ಯಾರೋ ಒಬ್ಬರು ಕೊಟ್ಟಿದ್ದರೆ ಆ ಹಕ್ಕು ಅವರದು. ಲೆಕ್ಕದ ಪುಸ್ತಕ ತೋರಿಸಿ ಅಂದಾಗ ಮುಖ ಹೇಗಾಗುತ್ತದೆ ಅಂತ ನೋಡಿ.

ಎರಡು, ನಿರ್ಧಾರ ಎಲ್ಲಿ ಆಗುತ್ತದೆ? ನೀವು ಕೂತ ಸಭೆಯಲ್ಲೋ ಅಥವಾ ಸಭೆಗೆ ಮೊದಲು ಬಂದ ಫೋನಿನಲ್ಲೋ? ‘ನಾಳೆ ಪ್ರತಿಭಟನೆ, ಎಲ್ಲರೂ ಬರ್ರಿ’ ಎಂಬ ಮೆಸೇಜು ಮಾತ್ರ ಬರುತ್ತಿದ್ದು, ಯಾಕೆ ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯುತ್ತಿದ್ದರೆ ನೀವು ಸದಸ್ಯರಲ್ಲ, ತಲೆ ಲೆಕ್ಕ.

ಮೂರು, ಕೇಸಾದರೆ ಠಾಣೆಗೆ ಯಾರು ಬರುತ್ತಾರೆ, ಐದು ವರ್ಷ ಕೋರ್ಟಿಗೆ ಯಾರು ಬರುತ್ತಾರೆ? ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಸೆಕ್ಷನ್ ನಂಬರು ಬದಲಾಗಿದೆ. ಅಕ್ರಮ ಕೂಟ ಅಪರಾಧವೇ, ದಾರಿ ತಡೆಯುವುದೂ ಅಪರಾಧವೇ. ನಮ್ಮ ಗೊಬ್ಬರದ ಅಂಗಡಿಯ ಗೆಳೆಯ ಈ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ. ಈಗ ಅವನ ಅಂಗಡಿಗೆ ಬರುವ ಪ್ರತಿ ಕಾಲೇಜು ಹುಡುಗನಿಗೂ ಹೇಳುತ್ತಾನೆ. ‘ಸಂಘಟನೆ ಬ್ಯಾಡ ಅಂತ ನಾ ಹೇಳೂದಿಲ್ಲ. ಕೇಳಿ ಸೇರು ಅಂತೀನಿ.’ ಅಷ್ಟು ಕಳೆದುಕೊಂಡವನೇ ಬೇಡ ಅನ್ನದಿರುವಾಗ ನಾವು ಹೇಗೆ ಅನ್ನೋಣ?

ಓದು ಹಾಳಾಗುತ್ತದೆ ಎಂಬ ಮಾತಿಗೂ ಉತ್ತರ ಕೊಡಬೇಕು. ಸೆಮಿಸ್ಟರ್ ಬಂದ ಮೇಲೆ ಹೊತ್ತು ಕಡಿಮೆಯಾಗಿದೆ, ನಿಜ. ಹೊಲ, ದನ, ಮನೆಗೆಲಸ ಮುಗಿಸಿ ಬರುವ ಮಕ್ಕಳಿಗೆ ಇನ್ನೂ ಕಡಿಮೆ. ವಾರಕ್ಕೆ ಎರಡು ತಾಸಿನ ಮೇಲೆ ಕೇಳುವ ಸಂಘಟನೆಗೆ ‘ಪರೀಕ್ಷೆ ಮುಗೀಲಿ’ ಅನ್ನಿ. ಅನ್ನಲು ಬಿಡದ ಸಂಘಟನೆ ನಿಮ್ಮದಲ್ಲ. ಜೊತೆಗೆ ಇನ್ನೊಂದು ಲೆಕ್ಕವನ್ನೂ ಹಾಕಿ. ಬಸ್ಸಿಲ್ಲದೆ ಆ ನಾಲ್ಕು ಊರಿನ ಮಕ್ಕಳು ದಿನವೂ ಮೊದಲ ಪಿರಿಯಡ್ ಕಳೆದುಕೊಳ್ಳುತ್ತಿದ್ದರು. ನೋಟುಬುಕ್ಕು ತುಂಬಲು ಆ ಹುಡುಗಿಗೆ ದಿನಕ್ಕೆ ಐದು ನಿಮಿಷ ಬೇಕಾಯಿತು. ಓದು ಹಾಳು ಮಾಡಿದ್ದು ಯಾವುದು?

ಪ್ರಾಂಶುಪಾಲರಿಗೂ ಉಪನ್ಯಾಸಕರಿಗೂ ಒಂದು ಮಾತು. ‘ಇಂಟರ್ನಲ್ಸ್ ಕಟ್ ಮಾಡ್ತೀನಿ’ ಎಂಬ ಬೆದರಿಕೆಯಿಂದ ಮಕ್ಕಳು ಸುಮ್ಮನಾಗುತ್ತಾರೆ, ಒಪ್ಪಿದೆವು. ಆದರೆ ಒಳಗೆ ಸುಮ್ಮನಾದವರು ಹೊರಗೆ ಹೋಗಿ ತಮಗೆ ಮೈಕು ಕೊಡುವವರ ಹಿಂದೆ ನಿಲ್ಲುತ್ತಾರೆ. ತಿಂಗಳಿಗೊಮ್ಮೆ ಒಂದು ತಾಸು ತರಗತಿ ಪ್ರತಿನಿಧಿಗಳನ್ನು ಕೂರಿಸಿ, ಅವರು ಹೇಳಿದ್ದನ್ನು ಬರೆದುಕೊಂಡು, ಮುಂದಿನ ತಿಂಗಳು ಏನಾಯಿತು ಅಂತ ಹೇಳಿ. ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ.

ನಮ್ಮಂಥವರಿಗೂ ಒಂದು ಮಾತು ಇದೆ. ನಮಗೆ ದುಡ್ಡು ಬರುವುದು ಅಚ್ಚಾದ ಸುದ್ದಿಯ ಲೆಕ್ಕದಲ್ಲಿ. ರಸ್ತೆ ತಡೆ ಅಚ್ಚಾಗುತ್ತದೆ, ಮನವಿ ಅಚ್ಚಾಗುವುದಿಲ್ಲ. ಹಾಗಾಗಿ ಮಕ್ಕಳು ರಸ್ತೆಗೆ ಬರುತ್ತಾರೆ. ಅವರನ್ನು ಅಲ್ಲಿಗೆ ಕರೆದವರಲ್ಲಿ ನಾವೂ ಇದ್ದೇವೆ. ಯಾವುದಾದರೂ ಮಕ್ಕಳು ಲೆಕ್ಕ ಬರೆದುಕೊಂಡು ಬಂದರೆ ಇನ್ನು ಮುಂದೆ ಅದನ್ನೇ ಸುದ್ದಿ ಮಾಡುತ್ತೇವೆ. ಡೆಸ್ಕಿನವರು ಬೇಡವೆಂದರೆ ಇಲ್ಲಿಯಾದರೂ ಬರೆಯುತ್ತೇವೆ. ಈ ಜಾಗವನ್ನು ಗೆಳೆಯರು ಸೇರಿ ಮಾಡಿಕೊಂಡದ್ದೇ ಅದಕ್ಕಲ್ಲವೇ?

ನೋಟುಬುಕ್ಕಿನ ಕಥೆ ಇನ್ನೂ ಮುಗಿದಿಲ್ಲ. ಬೆಳಗಿನ ಬಸ್ಸು ಬಂತು, ಸಂಜೆಯದು ಇನ್ನೂ ಬಂದಿಲ್ಲ. ನಾಲ್ಕಕ್ಕೆ ತರಗತಿ ಬಿಟ್ಟರೆ ಆ ಕಡೆಯ ಬಸ್ಸಿಗೆ ಆರೂವರೆಯವರೆಗೆ ಕಾಯಬೇಕು. ಬೆಳಗಿನ ಬಸ್ಸು ಬರುವ ಮೊದಲೇ ಇಬ್ಬರು ಹುಡುಗಿಯರು ಕಾಲೇಜು ಬಿಟ್ಟಿದ್ದರು, ಅವರು ಮರಳಲಿಲ್ಲ. ಒಬ್ಬಳ ಮದುವೆಯಾಗಿದೆ. ಬರೆದಿದ್ದ ಹುಡುಗಿ ಡಿಗ್ರಿ ಮುಗಿಸಿ ಬಿ.ಎಡ್. ಮಾಡಲು ಹೋಗಿದ್ದಾಳೆ. ಹೋಗುವಾಗ ಆ ನೋಟುಬುಕ್ಕನ್ನು ಪಕ್ಕದ ಊರಿನ ಮೊದಲ ವರ್ಷದ ಹುಡುಗಿಯ ಕೈಗೆ ಕೊಟ್ಟು ಹೋದಳಂತೆ.

ಹೋದ ವಾರ ಆ ಹೊಸ ಹುಡುಗಿ ಫೋನ್ ಮಾಡಿದ್ದಳು. ‘ಸರ್, ಸಂಜಿ ಬಸ್ಸಿಂದು ಇಪ್ಪತ್ತೆಂಟು ದಿನದ್ದು ಬರದೀವ್ರಿ. ನಲವತ್ತು ಆದ ಮ್ಯಾಲೆ ತರ್ತೀವಿ. ನೋಡ್ತೀರೇನ್ರಿ?’

ತಗೊಂಡು ಬಾ ತಂಗಿ, ನೋಡ್ತೀವಿ ಅಂದೆವು.